ಕೀಮೋ ದಿನಕ್ಕೆ ಇಷ್ಟದ ವಾಸನೆ ಬೇಡ

ಲ್ಯಾವೆಂಡರ್ ಅಂದರೆ ನನಗೆ ನಿದ್ದೆ. ವರ್ಷಗಟ್ಟಲೆ ದಿಂಬಿನ ಮೂಲೆಗೆ ಒಂದು ಹನಿ ಎಣ್ಣೆ ಹಾಕಿಕೊಂಡೇ ಮಲಗಿದವಳು ನಾನು. ಕ್ಯಾನ್ಸರ್‌ಗೆ ಕೀಮೋ ಶುರುವಾದಾಗ ಅಕ್ಕ ಡಿಫ್ಯೂಸರ್, ಅಂದರೆ ಎಣ್ಣೆಯ ವಾಸನೆಯನ್ನು ಕೋಣೆಗೆಲ್ಲ ಹರಡುವ ಯಂತ್ರ, ತಂದು ಮಂಚದ ಪಕ್ಕ ಇಟ್ಟಳು. ನಾನೇ ಕೇಳಿದ್ದೆ.

ಕೀಮೋದ ಎರಡನೇ ಸೈಕಲ್ (ಸುತ್ತು) ಮುಗಿಸಿ ಬಂದ ರಾತ್ರಿ, ಆ ವಾಸನೆಯ ಮಧ್ಯೆಯೇ ಆರು ಸಲ ವಾಂತಿಯಾಯಿತು. ಹತ್ತು ದಿನ ಕಳೆದು, ಚೆನ್ನಾಗಿಯೇ ಇದ್ದ ಒಂದು ಬೆಳಿಗ್ಗೆ ಬೀರು ತೆಗೆದೆ. ಹಳೇ ದಿಂಬಿನ ಕವರ್‌ನಿಂದ ಒಂಚೂರು ಲ್ಯಾವೆಂಡರ್ ಬಂತು, ಅಷ್ಟೇ. ಹೊಟ್ಟೆ ತೊಳಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಾಯಿಲೆ ನನ್ನ ನಿದ್ದೆಯ ವಾಸನೆಯನ್ನೂ ಕಿತ್ತುಕೊಂಡಿತಲ್ಲಾ ಅಂತ ತುಂಬಾ ಅತ್ತೆ.

ವಾರ್ಡಿನ ನರ್ಸ್‌ಗೆ ಇದು ಹೊಸದಲ್ಲ. ವಾಸನೆ, ವಾಕರಿಕೆ ಎರಡನ್ನೂ ಮೆದುಳು ಒಟ್ಟಿಗೆ ಗಂಟು ಹಾಕಿಬಿಡುತ್ತದೆ ಎಂದರು. ಕೆಲವರಿಗೆ ಆಸ್ಪತ್ರೆಯ ಬಾಗಿಲು ಕಂಡರೆ ಸಾಕು, ಔಷಧಿ ಮೈಗೆ ಇಳಿಯುವ ಮೊದಲೇ ವಾಕರಿಕೆ ಶುರು. ಡಾಕ್ಟರಿಗೆ ಹೇಳಿದೆ, ವಾಂತಿ ಮಾತ್ರೆ ಬದಲಾಯಿಸಿದರು. ನರ್ಸ್ ಇನ್ನೊಂದು ಮಾತು ಹೇಳಿದರು: "ಇಷ್ಟವೂ ಅಲ್ಲದ, ಕಷ್ಟವೂ ಅಲ್ಲದ ವಾಸನೆ ಆರಿಸಿಕೊಳ್ಳಿ. ಬೇಡ ಅನ್ನಿಸಿದಾಗ ಮುಚ್ಚಿಡೋ ಹಾಗಿರಲಿ."

ಪೆಪ್ಪರ್‌ಮಿಂಟ್ ಎಣ್ಣೆ ಆರಿಸಿಕೊಂಡೆ. ಹತ್ತಿಗೆ ಒಂದೇ ಹನಿ, ಹತ್ತಿಯನ್ನು ಪುಟ್ಟ ಮುಚ್ಚಳದ ಡಬ್ಬಿಯಲ್ಲಿ. ಸಲೈನ್ ಸಿರಿಂಜ್ ಒತ್ತಿ ಲೈನ್, ಅಂದರೆ ಔಷಧಿ ಹೋಗುವ ನಳಿಕೆ, ತೊಳೆಯುತ್ತಾರಲ್ವಾ, ಆಗ ಬಾಯಿಗೆ ಲೋಹದಂಥ ರುಚಿ ಬರುತ್ತದೆ. ನನಗೆ ಎಲ್ಲಕ್ಕಿಂತ ಕಷ್ಟದ ಗಳಿಗೆ ಅದು. ನರ್ಸ್ ಸಿರಿಂಜ್ ಕೈಗೆತ್ತಿಕೊಂಡರೆ ನಾನು ಡಬ್ಬಿ ತೆರೆಯುತ್ತಿದ್ದೆ. ಎರಡು ಮೂರು ಉಸಿರು. ಮುಚ್ಚಿಬಿಡುವುದು. ಪಕ್ಕದ ಹಾಸಿಗೆಯವರಿಗೂ ತೊಂದರೆಯಿಲ್ಲ. ಅವರಿಗೂ ವಾಸನೆ ಆಗದ ದಿನಗಳಿರುತ್ತವೆ. ವಾರ್ಡಿಗೆ ಡಿಫ್ಯೂಸರ್ ಬೇಡವೇ ಬೇಡ.

ವಾಂತಿ ನಿಲ್ಲಿಸಿದ್ದು ಮಾತ್ರೆಯೇ. ಡಬ್ಬಿ ಆ ಎರಡು ನಿಮಿಷ ನನ್ನನ್ನು ಹಿಡಿದುಕೊಂಡಿತು. ನನಗೆ ಅದು ಸಣ್ಣದಲ್ಲ. ಎಣ್ಣೆ ಹಚ್ಚಿ ಮಸಾಜ್ ಮಾಡುವುದರ ಬಗ್ಗೆ 2016ರಲ್ಲಿ ಕೊಕ್ರೇನ್ ಎಂಬ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಸಂಸ್ಥೆಯವರು 19 ಅಧ್ಯಯನಗಳನ್ನು ಪರಿಶೀಲಿಸಿದರು. ಕ್ಯಾನ್ಸರ್ ರೋಗಿಗಳ ನೋವು, ಆತಂಕ ಅದರಿಂದ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಎಣ್ಣೆ ನಂಬಿ ಮಾತ್ರೆ ಬಿಡಬೇಡಿ, ದಯವಿಟ್ಟು.

ಅಕ್ಕನಿಗೆ ನನ್ನ ಕಾಲು ಒತ್ತುವ ಆಸೆ. ಡಾಕ್ಟರನ್ನು ಕೇಳಿಯೇ ಮಾಡಿದಳು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಕಡಿಮೆಯಿದ್ದಾಗ ಜೋರಾಗಿ ಒತ್ತಿದರೆ ಚರ್ಮದ ಒಳಗೆ ರಕ್ತ ಸೋರಿ ನೀಲಿ ಕಲೆ ಬೀಳಬಹುದು. ರೇಡಿಯೇಷನ್ ಕೊಟ್ಟ ಚರ್ಮಕ್ಕೆ ಇಂಥ ವಾಸನೆಯ ಎಣ್ಣೆ ಸೋಕಿಸುವಂತಿಲ್ಲ. ಉಳಿದ ಕಡೆಯೂ ಏನೂ ಬೆರೆಸದೆ ನೇರವಾಗಿ ಹಚ್ಚಬಾರದು. ನಾವು 5 ಮಿಲಿ ಸಾದಾ ಎಣ್ಣೆಗೆ ಒಂದು ಹನಿ ಬೆರೆಸುತ್ತಿದ್ದೆವು. ಕುಡಿಯುವುದಂತೂ ಇಲ್ಲವೇ ಇಲ್ಲ.

ಕೊನೆಯ ಸೈಕಲ್ ಮುಗಿದ ವಾರ ಡಬ್ಬಿ ಎಸೆದೆ. ಪೆಪ್ಪರ್‌ಮಿಂಟ್ ಈಗ ನನಗೆ ಆಗುವುದಿಲ್ಲ, ಆಗದಿದ್ದರೂ ಬೇಜಾರಿಲ್ಲ. ಹೋದ ತಿಂಗಳು ಅಕ್ಕ ಬಾಗಿಲ ಆಚೆ ನಿಂತು ಲ್ಯಾವೆಂಡರ್ ಬಾಟಲಿಯ ಮುಚ್ಚಳ ತೆಗೆದಳು. ಹತ್ತು ಎಣಿಸುವವರೆಗೆ ತಡೆದುಕೊಂಡೆ. ಮೊನ್ನೆ ಇಪ್ಪತ್ತು.