ಥೋರೋ ಮನೆಯ ಮಾದರಿ: ಚೌಕಟ್ಟು ಎದ್ದಿದೆ, ಚಿಮಣಿ ಬಾಕಿ

ಈ ವಾರ ಚೌಕಟ್ಟು ನಿಂತಿತು. ಅಳತೆ ಅಡಿಗೆ ಒಂದು ಇಂಚು. ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಲ್ಡನ್ ಕೊಳದ ಹತ್ತಿರ ಲೇಖಕ ಹೆನ್ರಿ ಡೇವಿಡ್ ಥೋರೋ ಕಟ್ಟಿಕೊಂಡ ಮನೆ 15 ಅಡಿ ಉದ್ದ, 10 ಅಡಿ ಅಗಲ, ಕಂಬ 8 ಅಡಿ. ಅಡಿ ಇದ್ದಲ್ಲೆಲ್ಲ ಇಂಚು ಅಂತ ಓದಿಕೊಂಡರೆ ನನ್ನ ಮೇಜಿನ ಮೇಲಿರುವ ಮನೆ.

ನಕ್ಷೆ ಎಲ್ಲಿ ಸಿಕ್ಕಿತು ಅಂತ ಕೇಳಿದ್ದಿರಿ. ಥೋರೋನ 1854ರ ‘ವಾಲ್ಡನ್’ ಪುಸ್ತಕದ ಮೊದಲ ಅಧ್ಯಾಯವೇ ನಕ್ಷೆ. ಅವನ ತಂಗಿ ಸೋಫಿಯಾ ಬರೆದ ಮನೆಯ ಚಿತ್ರವೂ ಅದರಲ್ಲಿದೆ. ಆದರೆ ಅದರಿಂದ ಅಳತೆ ಸಿಗಲ್ಲ. ಅಳತೆ, ಸಾಮಾನು, ಬೆಲೆ ಎಲ್ಲವನ್ನೂ ಥೋರೋನೇ ಬರೆದಿಟ್ಟಿದ್ದಾನೆ. ಹಲಗೆಗೆ 8 ಡಾಲರ್ ಮೂರೂವರೆ ಸೆಂಟ್. ಅದರಲ್ಲಿ ಹೆಚ್ಚಿನವು ರೈಲು ಮಾರ್ಗದಲ್ಲಿ ದುಡಿಯುತ್ತಿದ್ದ ಐರಿಶ್ ಕೂಲಿಯೊಬ್ಬನ ಗುಡಿಸಲು ಕೊಂಡು, ಕಿತ್ತು ತಂದವು. ಸಾವಿರ ಹಳೇ ಇಟ್ಟಿಗೆ, 4 ಡಾಲರ್. ಸೀಮೆಸುಣ್ಣ, 1 ಸೆಂಟ್. ಗಾರೆ ಸುಣ್ಣದ ಬೆಲೆ ಜಾಸ್ತಿ ಆಯ್ತು ಅಂತ ಪಕ್ಕದಲ್ಲೇ ಒಂದು ಗೊಣಗಾಟ. ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟ್. ಆಗ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯ ಒಂದು ಕೋಣೆಗೇ ವರ್ಷಕ್ಕೆ 30 ಡಾಲರ್ ಬಾಡಿಗೆ ಅಂತ ಚುಚ್ಚುವುದನ್ನೂ ಅವನು ಮರೆತಿಲ್ಲ.

ಅಮೆರಿಕದ ರೊಮ್ಯಾಂಟಿಕ್ ಬರಹ ಅಂದರೆ ಕಾಡು, ಆತ್ಮ, ಆಕಾಶ ಅಂತಲೇ ಎಲ್ಲರೂ ಹೇಳುತ್ತಾರೆ. ಥೋರೋನ ಗೆಳೆಯ, ಲೇಖಕ ಎಮರ್ಸನ್ 1836ರಲ್ಲಿ ‘ನೇಚರ್’ ಬರೆದಾಗ ತಾನು ಪಾರದರ್ಶಕ ಕಣ್ಣುಗುಡ್ಡೆಯೇ ಆಗಿಬಿಟ್ಟೆ ಅಂದವನು. ಅವನದೇ ಜಾಗದಲ್ಲಿ ಮನೆ ಕಟ್ಟಿದ ಥೋರೋ ಅರ್ಧ ಸೆಂಟನ್ನೂ ಬಿಡಲಿಲ್ಲ. ಮನುಷ್ಯ ತನ್ನ ಕಾಲ ಮೇಲೆ ನಿಲ್ಲಬೇಕು ಅಂತ ಎಮರ್ಸನ್ 1841ರಲ್ಲಿ ಪ್ರಬಂಧ ಬರೆದ. ಹಾಗೆ ನಿಲ್ಲೋಕೆ ಎಷ್ಟು ಖರ್ಚಾಗುತ್ತೆ ಅಂತ ರಸೀದಿ ಕೊಟ್ಟವನು ಥೋರೋ. ನನಗೆ ಈ ರಸೀದಿಯೇ ಇಷ್ಟ.

ಸರಿ, ಕೆಲಸಕ್ಕೆ ಬರೋಣ. ಮುಖ್ಯ ತೊಲೆಗಳು 6 ಇಂಚು ಚೌಕ, ನನಗೆ ಅರ್ಧ ಇಂಚು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಸೀಳಿಕೊಂಡೆ. ತಲೆ ತಿಂದದ್ದು ಜಂತೆಗಳು. ಥೋರೋ ಅವನ್ನು ಒಂದು ಮಗ್ಗುಲು ಮಾತ್ರ ಕೆತ್ತಿ, ಉಳಿದ ಕಡೆ ತೊಗಟೆ ಹಾಗೇ ಬಿಟ್ಟಿದ್ದ. ಈ ಅಳತೆಯಲ್ಲಿ ನಿಜವಾದ ಪೈನ್ ತೊಗಟೆ ಹಚ್ಚಿದರೆ ಬಂಡೆ ಮೆತ್ತಿದ ಹಾಗೆ ಕಾಣುತ್ತೆ. ಅದಕ್ಕೇ ಗಾಳಿ ಮರದ ಎಳೇ ಕಡ್ಡಿ ತಂದು, ಒಂದು ಮಗ್ಗುಲನ್ನು ಉಳಿಯಿಂದ ಚಪ್ಪಟೆ ಮಾಡಿದೆ. ಕಂಬಗಳಿಗೆ ಅವನಂತೆಯೇ ಕಚ್ಚು ಕೊರೆದೆ. ಅಂಟು ಹಾಕಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಆದರೆ ಮನಸ್ಸು ಒಪ್ಪಬೇಕಲ್ವಾ.

ಇನ್ನೊಂದು ತೀರ್ಮಾನ ಬಾಕಿಯಿತ್ತು. ಯಾವ ತಿಂಗಳ ಮನೆ ಮಾಡೋದು? 1845ರ ಜುಲೈ 4ರಂದು ಥೋರೋ ಒಳಗೆ ಬಂದಾಗ ಗಾರೆಯೂ ಇರಲಿಲ್ಲ, ಚಿಮಣಿಯೂ ಇರಲಿಲ್ಲ. ಹಲಗೆ ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ಚಿಮಣಿ ಕಟ್ಟಿದ್ದು ಚಳಿಗೆ ಮುಂಚೆ, ಗಾರೆ ಬಳಿದದ್ದು ಹೆಪ್ಪುಗಟ್ಟುವ ಚಳಿ ಬಂದ ಮೇಲೆ. ಹಾಗಾಗಿ ಬಾಗಿಲ ಕಡೆಯ ಅರ್ಧ ಜುಲೈ, ಒಲೆಯ ಕಡೆಯ ಅರ್ಧ ಚಳಿಗಾಲ ಅಂತ ಇಟ್ಟುಕೊಂಡಿದ್ದೇನೆ. ಚಿಮಣಿಯ ಜಾಗದ ಬಗ್ಗೆ ಅನುಮಾನವಿಲ್ಲ. ಬಾಗಿಲಿಗೆ ಎದುರು ಗೋಡೆಯಲ್ಲಿ ಒಲೆ ಅಂತ ಪುಸ್ತಕದಲ್ಲೇ ಇದೆ. 1945ರಲ್ಲಿ ರೋಲಂಡ್ ರಾಬಿನ್ಸ್ ಅನ್ನುವ ಹವ್ಯಾಸಿ ಪುರಾತತ್ವಜ್ಞರು ಅದರ ತಳಪಾಯವನ್ನು ಅಗೆದು ಹುಡುಕಿದರು ಕೂಡ. ಸಾವಿರ ಇಟ್ಟಿಗೆ ಮಾತ್ರ ನಾನು ಮಾಡಲ್ಲ. ಒಳಗೆ ಮರದ ತುಂಡು ಇಟ್ಟು ಹೊರಗೆ ಜೇಡಿಮಣ್ಣಿನ ಇಟ್ಟಿಗೆ ಅಂಟಿಸುತ್ತೇನೆ.

ಮೂರು ಕುರ್ಚಿ, ಮಂಚ, ಮೇಜು ಆಮೇಲೆ. ಅವನ ಕನ್ನಡಿ 3 ಇಂಚಿನದು, ನನಗೆ ಕಾಲು ಇಂಚು ಬೇಕು. ಕಸೂತಿಗೆ ಹೊಲಿಯುವ ಕನ್ನಡಿ ಚೂರು ಸರಿಹೋಗಬಹುದು, ನೋಡಬೇಕು.