ಗೀಸರ್ ಬದಲಿಸುವ ಮುನ್ನ ಹಳೆಯದನ್ನು ಬಿಚ್ಚಿ ನೋಡಬೇಕು

ರಾಯಚೂರಿನಲ್ಲಿ ಗೀಸರ್ ಜೋಡಣೆ ಮತ್ತು ದುರಸ್ತಿಯ ಕೆಲಸ ಮಾಡುವ ನನಗೆ ಚಳಿಗಾಲ ಆರಂಭವಾಗುತ್ತಿದ್ದಂತೆ ಬರುವ ಕರೆಗಳಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಗೀಸರ್ ಪದೇ ಪದೇ ಕೆಡುತ್ತಿದೆ, ಈ ಸಲ ಬೇರೆ ಕಂಪನಿಯದನ್ನು ಹಾಕಿಕೊಡಿ ಎನ್ನುತ್ತಾರೆ. ಹಾಕಿಕೊಡುವುದು ಕಷ್ಟದ ಕೆಲಸವಲ್ಲ. ಆದರೆ ಹಳೆಯದು ಏಕೆ ಕೆಟ್ಟಿತೆಂದು ನೋಡದೆ ಹೊಸದನ್ನು ಗೋಡೆಗೆ ಏರಿಸಿದರೆ ಅದೇ ನೀರು, ಅದೇ ವೈರು ಅದನ್ನೂ ಕೆಡಿಸುತ್ತವೆ. ಆದ್ದರಿಂದ ಹಳೆಯ ಗೀಸರಿನ ತಳವನ್ನು ಮನೆಯವರ ಎದುರೇ ಬಿಚ್ಚಿ ತೋರಿಸಿದ ಮೇಲಷ್ಟೇ ನಾನು ಹೊಸದರ ಮಾತು ಆಡುತ್ತೇನೆ.

ಹೊಸ ಬಡಾವಣೆಯೊಂದರಲ್ಲಿ ಹೆಚ್ಚಾಗಿ ಬೋರಿನ ನೀರನ್ನು ನಂಬಿಕೊಂಡಿದ್ದ ಮನೆಯಲ್ಲಿ ನೀರು ಕಾಯಿಸುವ ಕಾಯಿಲ್ ಮೇಲಿಂದ ಮೇಲೆ ಸುಡುತ್ತಿತ್ತು. ಬಿಚ್ಚಿದಾಗ ತಾಮ್ರದ ಕಾಯಿಲ್ ಕಾಣದಷ್ಟು ದಪ್ಪವಾಗಿ ಬಿಳಿಯ ಪದರ ಕಟ್ಟಿತ್ತು. ಟ್ಯಾಂಕಿನ ತಳದಿಂದ ಸುಣ್ಣದ ಚಕ್ಕೆಗಳು ಬೊಗಸೆಗಟ್ಟಲೆ ಬಂದವು. ಮನೆಯ ಅಕ್ಕನವರು, "ಅಣ್ಣಾರ, ನೀರಿನ ಟಿಡಿಎಸ್ ಚೆಕ್ ಮಾಡಿಸೀವ್ರಿ, ಏನೂ ತೊಂದ್ರಿ ಇಲ್ಲ ಅಂದಾರ" ಎಂದರು. ಇದು ಅನೇಕರಲ್ಲಿರುವ ತಪ್ಪು ತಿಳಿವಳಿಕೆ. ಪೆನ್ನಿನಂತಹ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜನ್ನು ಕೊಡುತ್ತದೆಯೇ ಹೊರತು, ಗೀಸರನ್ನು ಕೆಡಿಸುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಷ್ಟಿವೆ ಎಂಬುದನ್ನು ಬೇರೆ ಮಾಡಿ ಹೇಳುವುದಿಲ್ಲ. ಅದಕ್ಕೆ ಗಡಸುತನದ ಪರೀಕ್ಷೆಯೇ ಆಗಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಿದ್ದಾಗ 600ರವರೆಗೆ ಒಪ್ಪಬಹುದೆಂದೂ ಹೇಳುತ್ತದೆ. ಆ ಮೇಲಿನ ಮಿತಿ ಕುಡಿಯುವವರನ್ನು ಕುರಿತದ್ದು. ಕಾಯಿಲಿನ ಮೇಲೆ ಅದಕ್ಕಿಂತ ಬಹಳ ಕಡಿಮೆ ಗಡಸಿನಲ್ಲೇ ಪದರ ಕಟ್ಟತೊಡಗುತ್ತದೆ.

ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕರಗದ ಕಾರ್ಬೊನೇಟ್ ಆಗಿ, ಎಲ್ಲಕ್ಕಿಂತ ಹೆಚ್ಚು ಬಿಸಿಯಿರುವ ಕಾಯಿಲಿಗೆ ಮೊದಲು ಅಂಟುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ದಾಟದೆ ಒಳಗೇ ಉಳಿದು ಕಾಯಿಲ್ ಸುಡುತ್ತದೆ. ನೀರು ಬೇಕಾದಷ್ಟು ಕಾದ ಕೂಡಲೇ ವಿದ್ಯುತ್ ನಿಲ್ಲಿಸುವ ಥರ್ಮೋಸ್ಟ್ಯಾಟಿನ ನಳಿಗೆಗೂ ಅದೇ ಪದರ ಹಿಡಿದರೆ ನೀರು ಕಾದ ಸುದ್ದಿ ಅದಕ್ಕೆ ತಡವಾಗಿ ತಲುಪುತ್ತದೆ, ಆಗ ಬಿಸಿ ಮಿತಿಮೀರಿದರೆ ವಿದ್ಯುತ್ ಕಡಿಯುವ ಥರ್ಮಲ್ ಕಟ್‌ಔಟ್ ಬಿದ್ದು ಗೀಸರ್ ನಿಲ್ಲುತ್ತದೆ. ಕೆಲವರು ಕಟ್‌ಔಟೇ ಕೆಟ್ಟಿದೆಯೆಂದು ಅದನ್ನು ತಪ್ಪಿಸಿ ವೈರನ್ನು ನೇರವಾಗಿ ಜೋಡಿಸಿ ಹೋಗಿರುವುದನ್ನು ನಾನು ಕಂಡಿದ್ದೇನೆ. ಇದನ್ನು ಯಾವ ಕಾರಣಕ್ಕೂ ಮಾಡಕೂಡದು. ನೀರು ಕುದಿಯದಂತೆ, ಟ್ಯಾಂಕು ಸಿಡಿಯದಂತೆ ತಡೆಯುವ ರಕ್ಷಣೆಗಳಲ್ಲಿ ಅದೂ ಒಂದು.

ಆ ಮನೆಗೆ ವಾರದಲ್ಲಿ ಕೆಲವು ದಿನ ನಳದಲ್ಲಿ ನದಿಯ ನೀರೂ ಬರುತ್ತಿತ್ತು, ಆದರೆ ಅದನ್ನೂ ಬೋರಿನ ಟ್ಯಾಂಕಿಗೇ ಬೆರೆಸುತ್ತಿದ್ದರು. ನಳದ ನೀರಿಗೆ ಬೇರೆಯೇ ಒಂದು ಸಣ್ಣ ಟ್ಯಾಂಕ್ ಇರಿಸಿ, ಅಲ್ಲಿಂದ ಗೀಸರಿಗೆ ಮಾತ್ರ ಪೈಪ್ ಎಳೆದು, ಥರ್ಮೋಸ್ಟ್ಯಾಟನ್ನು 75ರ ಬದಲು 55 ಡಿಗ್ರಿಗೆ ಇಳಿಸಿದೆ. 60 ಡಿಗ್ರಿ ದಾಟಿದರೆ ಸುಣ್ಣ ಕಟ್ಟುವ ವೇಗ ಹೆಚ್ಚುತ್ತದೆ, ಮತ್ತು ಸ್ನಾನಕ್ಕೆ ಅಷ್ಟು ಬಿಸಿ ಹೇಗೂ ಬೇಕಿಲ್ಲ. ನದಿಯ ನೀರೇ ಸಿಗದ ಮನೆಗಳಲ್ಲಿ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸುವುದು ಇಲ್ಲವೇ ವರ್ಷಕ್ಕೊಮ್ಮೆ ಬಿಚ್ಚಿ ಸುಣ್ಣ ತೆಗೆಸುವುದೇ ದಾರಿ. ತೆಗೆಸುವಾಗಲೇ ಮೆಗ್ನೀಸಿಯಂ ಆನೋಡ್ ರಾಡನ್ನೂ ನೋಡಬೇಕು. ಟ್ಯಾಂಕಿನ ಕಬ್ಬಿಣದ ಬದಲು ತಾನು ಸವೆಯುವ ಈ ರಾಡು ಸವಳು ನೀರಿನಲ್ಲಿ ಬೇಗ ಮುಗಿಯುತ್ತದೆ, ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ಹಿಡಿಯುತ್ತದೆ. ಸೋರುವ ಟ್ಯಾಂಕನ್ನು ದುರಸ್ತಿ ಮಾಡಲಾಗದು. ರಾಡನ್ನು ಬದಲಿಸಲು ತಗಲುವ ಖರ್ಚು ಹೊಸ ಗೀಸರಿನ ಮುಂದೆ ಅಲ್ಪ.

ಎಲ್ಲ ದೂರುಗಳಿಗೂ ನೀರೇ ಕಾರಣವಲ್ಲ. ಹಳ್ಳಿಗಳಿಂದ "ನೀರು ಲಗೂ ಕಾಯವಲ್ದು" ಎಂಬ ಕರೆ ಬಂದರೆ ನಾನು ಮೊದಲು ವೋಲ್ಟೇಜ್ ಅಳೆಯುತ್ತೇನೆ. 230 ವೋಲ್ಟಿನಲ್ಲಿ 2000 ವ್ಯಾಟ್ ಎಳೆಯುವ ಕಾಯಿಲ್ 180 ವೋಲ್ಟಿನಲ್ಲಿ ಸುಮಾರು 1225 ವ್ಯಾಟಷ್ಟೇ ಕೊಡುತ್ತದೆ. 25 ಡಿಗ್ರಿಯ 15 ಲೀಟರ್ ನೀರು 60ಕ್ಕೆ ಏರಲು 18 ನಿಮಿಷ ಸಾಕಾಗುವಲ್ಲಿ ಅರ್ಧ ಗಂಟೆ ಬೇಕಾಗುತ್ತದೆ. ಅಂತಹ ಮನೆಗೆ ಹೊಸ ಗೀಸರ್ ತಂದರೂ ಅದು ಅಷ್ಟೇ ನಿಧಾನವಾಗಿ ಕಾಯುತ್ತದೆ, ಮನೆಯವರ ಹಣ ಮಾತ್ರ ಹೋಗುತ್ತದೆ. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುವುದರಿಂದ 6 ಆಂಪಿಯರಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬಾರದು. 16 ಆಂಪಿಯರಿನ ಸಾಕೆಟ್ಟೂ 2.5 ಚದರ ಮಿಲಿಮೀಟರಿನ ತಾಮ್ರದ ವೈರೂ ಇರಬೇಕು.

ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಗೀಸರೇ ಹಾಳಾಯಿತೆಂದು ಹೆದರುವವರಿದ್ದಾರೆ. 25 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾದಾಗ ಸುಮಾರು 350 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಅದು ವಾಲ್ವಿನಿಂದಲೇ ಹೊರಬರಬೇಕು. ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಅದು ದೋಷವಲ್ಲ. ಎಡೆಬಿಡದೆ ಸೋರುತ್ತಿದ್ದರೆ ವಾಲ್ವನ್ನು ಬದಲಿಸಬೇಕು, ಬಾಯಿಗೆ ಬೂಚು ಬಡಿಯುವುದಂತೂ ಪ್ರಾಣಕ್ಕೇ ಅಪಾಯ. ಅರ್ಥಿಂಗಿನ ವಿಷಯದಲ್ಲೂ ನಾನು ಪಟ್ಟು ಹಿಡಿಯುತ್ತೇನೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರಿಯುವುದರಿಂದ ಅರ್ಥಿಂಗ್ ಗುಂಡಿಯ ಮಣ್ಣಿನ ತೇವ ಆರುತ್ತದೆ, ಆಗ ಭೂಮಿಗೆ ವಿದ್ಯುತ್ ಹರಿಯುವ ದಾರಿ ದುರ್ಬಲವಾಗುತ್ತದೆ. ಗುಂಡಿಗೆ ನೀರು ಹಾಕುವುದರ ಜೊತೆಗೆ ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ಕೂಡಿಸದೆ ಬಚ್ಚಲಮನೆಯ ಕೆಲಸವನ್ನು ನಾನು ಮುಗಿಸುವುದಿಲ್ಲ.

ಬೇಸಿಗೆಯಲ್ಲಿ ಇಲ್ಲಿ ಮಾಳಿಗೆಯ ಟ್ಯಾಂಕಿನ ನೀರೇ ಕೈ ಸುಡುವಷ್ಟು ಕಾದಿರುವುದರಿಂದ ಗೀಸರುಗಳು ತಿಂಗಳುಗಟ್ಟಲೆ ಬಂದ್ ಇರುತ್ತವೆ. ಆ ಅವಧಿಗೆ ನೀರನ್ನು ಖಾಲಿ ಮಾಡಿಸಿದ್ದರೆ, ಮತ್ತೆ ಚಾಲೂ ಮಾಡುವಾಗ ಬಿಸಿನೀರಿನ ನಳವನ್ನು ತೆರೆದಿಟ್ಟು, ಗಾಳಿಯೆಲ್ಲ ಹೋಗಿ ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾದು, ಅನಂತರವೇ ಸ್ವಿಚ್ ಒತ್ತಬೇಕು. ನೀರಿಲ್ಲದ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.