ರಜೆ ಮುಗಿದ ಮೇಲಿನ ಮೊದಲ ಎಲ್ಯೂಷನ್

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಹೊಸಬರು ಬಂದರೆ ನಾನು ಮೊದಲು ತೋರಿಸುವುದು ಕ್ಯಾಮೆರಾ ಅಲ್ಲ, ಸ್ಕ್ಯಾನ್‌ಗೆ ಬೇಕಾದ ವಿಕಿರಣಶೀಲ ಟೆಕ್ನೀಷಿಯಂ ಕೊಡುವ ಜನರೇಟರ್‌ನ ಲಾಗ್ ಪುಸ್ತಕ. ಕೊನೆಯ ಸಲ ಎಲ್ಯೂಟ್ ಮಾಡಿದ್ದು, ಅಂದರೆ ಒಳಗಿನ ಟೆಕ್ನೀಷಿಯಂ ಅನ್ನು ಉಪ್ಪುನೀರಿನಿಂದ ತೊಳೆದು ತೆಗೆದದ್ದು, ಯಾವಾಗ ಅಂತ ನೋಡದೆ ಕಿಟ್ (ಟೆಕ್ನೀಷಿಯಂ ಬೆರೆಸುವ ಔಷಧದ ಸೀಸೆ) ಮುಟ್ಟಬೇಡಿ ಅನ್ನುತ್ತೇನೆ. ಯಾಕೆ ಅಂತ ಕೇಳಿದರೆ ಸ್ವಲ್ಪ ದೂರದಿಂದ ಶುರು ಮಾಡಬೇಕಾಗುತ್ತದೆ.

ನಾವು ಬಳಸುವ ಟೆಕ್ನೀಷಿಯಂ 43ನೆಯ ಮೂಲವಸ್ತು. ಇದಕ್ಕೆ ಸ್ಥಿರವಾದ ಐಸೊಟೋಪ್ ಒಂದೂ ಇಲ್ಲ. 82ನೆಯ ಸೀಸದಿಂದ ಆಚೆಯವು ನಿಲ್ಲದಿರುವುದು ಅರ್ಥವಾಗುತ್ತದೆ. ಅಲ್ಲಿ ಪ್ರೋಟಾನ್‌ಗಳು ಜಾಸ್ತಿ, ಒಂದನ್ನೊಂದು ತಳ್ಳುತ್ತಲೇ ಇರುತ್ತವೆ. 43 ಅಷ್ಟೇನೂ ದೊಡ್ಡದಲ್ಲ ಅಲ್ವಾ? ಇದಕ್ಕಿರುವುದು ಅಕ್ಕಪಕ್ಕದವರ ಕಾಟ.

ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿ 97 ಅಂದುಕೊಳ್ಳಿ. ಒಂದು ಇನ್ನೊಂದಾಗಿ ಬದಲಾದರೂ ಒಟ್ಟು 97 ಹಾಗೇ ಇರುತ್ತದೆ. ಒಟ್ಟು ಬೆಸಸಂಖ್ಯೆಯಾದರೆ, ಅದೇ ಒಟ್ಟು ಇರುವ ನ್ಯೂಕ್ಲಿಯಸ್‌ಗಳ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಶಕ್ತಿಯದು ಒಂದೇ, ಉಳಿದವು ನಿಧಾನವಾಗಿ ಅದರತ್ತ ಜಾರುತ್ತವೆ. 95 ಮತ್ತು 97ರಲ್ಲಿ ಆ ಜಾಗ 42ನೆಯ ಮಾಲಿಬ್ಡಿನಂನದು. 99 ಮತ್ತು 101ರಲ್ಲಿ 44ನೆಯ ರುಥೇನಿಯಂನದು. ಸಮಸಂಖ್ಯೆಯಲ್ಲಾದರೂ ಗತಿಯುಂಟಾ ಅಂದರೆ, 98ರಲ್ಲಿ 43 ಪ್ರೋಟಾನ್, 55 ನ್ಯೂಟ್ರಾನ್. ಎರಡೂ ಬೆಸ, ಎರಡು ಕಡೆಯೂ ಒಂದೊಂದು ಕಣಕ್ಕೆ ಜೋಡಿಯಿಲ್ಲ. ಹಗುರವಾದ ನಾಲ್ಕು ನ್ಯೂಕ್ಲಿಯಸ್‌ಗಳನ್ನು ಬಿಟ್ಟರೆ ಇಂಥವು ನಿಲ್ಲುವುದು ತೀರಾ ಅಪರೂಪ. ನಿಯೋಡಿಮಿಯಂ, ಸಮೇರಿಯಂ ನಡುವೆ ಸಿಕ್ಕಿಕೊಂಡ 61ನೆಯ ಪ್ರೊಮೀಥಿಯಂ ಕಥೆಯೂ ಇದೇ. ಟೆಕ್ನೀಷಿಯಂ ಕೈಗೆ ಸಿಕ್ಕಿದ್ದೇ 1937ರಲ್ಲಿ. ಸೈಕ್ಲೊಟ್ರಾನ್‌ನಲ್ಲಿ ಹೊಡೆತ ತಿಂದ ಮಾಲಿಬ್ಡಿನಂ ತಗಡಿನಲ್ಲಿ ಪೆರಿಯರ್ ಮತ್ತು ಸೆಗ್ರೆ ಅದನ್ನು ಕಂಡುಕೊಂಡರು.

ಈಗ ನಮ್ಮ ಜನರೇಟರ್. ಒಳಗಿರುವ ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ. ಅದರಿಂದ ಹುಟ್ಟುವ ಟೆಕ್ನೀಷಿಯಂ-99ಎಂನದು (ಹೆಚ್ಚಿನ ಶಕ್ತಿಯ ಸ್ಥಿತಿಯಲ್ಲಿರುವ ಟೆಕ್ನೀಷಿಯಂ-99, ಚಿತ್ರಕ್ಕೆ ಬೇಕಾದ ಗಾಮಾ ಕಿರಣ ಬಿಡುವುದು ಇದೇ) 6 ಗಂಟೆ. ಗಾಮಾ ಕಿರಣ ಬಿಟ್ಟ ಮೇಲೆ ಅದು ಮಾಯವಾಗುತ್ತದೆ ಅಂತ ಹೊಸಬರು ತಿಳಿದಿರುತ್ತಾರೆ. ಇಲ್ಲ, ಟೆಕ್ನೀಷಿಯಂ-99 ಆಗಿ ಅಲ್ಲೇ ಕೂತಿರುತ್ತದೆ. ಇದರ ಅರ್ಧಾಯು ಸುಮಾರು 2.1 ಲಕ್ಷ ವರ್ಷ. ಚಿತ್ರಕ್ಕೆ ಇದರಿಂದ ಉಪಯೋಗವಿಲ್ಲ. ಟೆಕ್ನೀಷಿಯಂ ಔಷಧಕ್ಕೆ ಅಂಟಿಕೊಳ್ಳಲಿ ಅಂತ ಕಿಟ್‌ನಲ್ಲಿ ಹಾಕಿರುವ ತವರದ ಅಯಾನ್‌ಗೆ ಮಾತ್ರ ಎರಡೂ ಒಂದೇ ಟೆಕ್ನೀಷಿಯಂ, ಎರಡಕ್ಕೂ ಖರ್ಚಾಗುತ್ತದೆ.

24 ಗಂಟೆಗೊಮ್ಮೆ ಎಲ್ಯೂಟ್ ಮಾಡಿದರೆ 100 ಟೆಕ್ನೀಷಿಯಂ ಪರಮಾಣುಗಳಲ್ಲಿ ಸುಮಾರು 28 ನಮಗೆ ಬೇಕಾದ 99ಎಂ. 72 ಗಂಟೆ ಸುಮ್ನೆ ಬಿಟ್ಟರೆ 8ರ ಆಸುಪಾಸು. ಡೋಸ್ ಕ್ಯಾಲಿಬ್ರೇಟರ್ ಇದನ್ನು ಹೇಳುವುದಿಲ್ಲ. ಅದು ಅಳೆಯುವುದು ಗಾಮಾವನ್ನು, ಹಾಗಾಗಿ ರೀಡಿಂಗ್ ಚೆನ್ನಾಗಿಯೇ ಬರುತ್ತದೆ. ಲೇಬಲಿಂಗ್, ಅಂದರೆ ಔಷಧಕ್ಕೆ ಟೆಕ್ನೀಷಿಯಂ ಅಂಟುವುದು, ಕೆಟ್ಟಿರುವುದು ಕ್ವಾಲಿಟಿ ಕಂಟ್ರೋಲ್ ಮಾಡಿದರೆ ಗೊತ್ತಾಗುತ್ತದೆ, ಮಾಡದಿದ್ದರೆ ಚಿತ್ರದಲ್ಲೇ.

ಹಾಗಾಗಿ ರಜೆ ಮುಗಿದ ದಿನ ಬಂದ ಮೊದಲ ಎಲ್ಯೂಷನ್ ಅನ್ನು ಮಿದುಳಿನ ಸ್ಕ್ಯಾನ್‌ಗೆ ಬಳಸುವ ಎಚ್‌ಎಂಪಿಎಒ ಎಂಬ ಔಷಧದ ಕಿಟ್‌ಗೆ ನಾನು ಕೊಡುವುದಿಲ್ಲ. ಅದರಲ್ಲಿ ತವರ ತುಂಬಾ ಕಡಿಮೆ. ಕೆಲವು ಗಂಟೆ ಬಿಟ್ಟು ಮತ್ತೆ ಎಲ್ಯೂಟ್ ಮಾಡುತ್ತೇವೆ. ಆಗ ಸಿಗುವ ಆ್ಯಕ್ಟಿವಿಟಿ ಕಡಿಮೆ, ಆದರೆ ಅದರಲ್ಲಿ ಹಳೆಯ ಟೆಕ್ನೀಷಿಯಂ-99 ಕೂಡ ಕಡಿಮೆ. ಆ ದಿನದ ಮಿದುಳಿನ ಸ್ಕ್ಯಾನ್‌ಗಳನ್ನು ಮಧ್ಯಾಹ್ನಕ್ಕೇ ಬರೆದುಕೊಳ್ಳಿ ಅಂತ ಅಪಾಯಿಂಟ್‌ಮೆಂಟ್ ಕೊಡುವವರಿಗೆ ಮೊದಲೇ ಹೇಳಿಟ್ಟಿರುತ್ತೇನೆ.